ಐದನೆಯ ಕುಳಿ

ಹೋದ ತಿಂಗಳು ತೆಂಗಿನಕಾಯಿ ತುರಿಯುವಾಗ ಹೆಬ್ಬೆರಳು ಕೊಯ್ದುಕೊಂಡೆ. ಸೊಸೆ ಓಡಿಬಂದು ಟಿಂಚರ್ ಹಚ್ಚಿ, ಬಿಳಿ ಪಟ್ಟಿ ಸುತ್ತಿ, ಸರಿಯಾಗಿ ಗಾಯದ ಮೇಲೆಯೇ ಗಂಟು ಹಾಕಿದಳು. "ಗಂಟು ಗಾಯದ ಮೇಲೆ ಬರಬಾರದಮ್ಮ, ಪಕ್ಕಕ್ಕೆ ಹಾಕು" ಎಂದೆ. "ನಿಮಗೆ ಇದೆಲ್ಲ ಹೇಗೆ ಗೊತ್ತು ಮಾವ?" ಎಂದು ನಕ್ಕಳು. ಎಲ್ಲೋ ಕೇಳಿದ್ದೆ ಎಂದೆ. ಆದರೆ ಟಿಂಚರಿನ ವಾಸನೆ ಅಂದು ಸಂಜೆಯವರೆಗೂ ಮೂಗಿನಿಂದ ಹೋಗಲಿಲ್ಲ. ಆ ಮಾತನ್ನು ನನಗೆ ಹೇಳಿಕೊಟ್ಟವರು ಹರವೆಯ ಹತ್ತಿರದ ಒಂದು ಬಾವಿಯ ತಳದಲ್ಲಿ, ಕಲ್ಲಿನ ಪುಡಿಯ ನಡುವೆ ಬಿದ್ದುಕೊಂಡು ಹೇಳಿದ್ದರು...

ಐವತ್ತರ ದಶಕದ ನಡುವಿನ ಮಾತು. ಬಿ.ಎ. ಮುಗಿಸಿದ ನನಗೆ ಗುಂಡ್ಲುಪೇಟೆಯಲ್ಲಿ ಮೊದಲ ಕೆಲಸ ಸಿಕ್ಕಿತ್ತು. ಎರಡು ಮೇಜು, ಒಂದು ಬೀರು, ಬಾಗಿಲಲ್ಲೊಂದು ಬೆಂಚು ಇದ್ದ ಸಣ್ಣ ಕಚೇರಿ. ತಾವಾಗಿ ಹೆಸರು ಕೊಟ್ಟು ಹೊರದೇಶದ ಸೇವೆಗೆ ಹೋಗಿ ಹಿಂತಿರುಗಿದವರಿಗೆ ಊರ ಕಡೆ ಕೆಲಸ ಹುಡುಕಿಕೊಡುವುದು ನಮ್ಮ ಹೊಣೆ. ದೊಡ್ಡ ಮೇಜಿನಲ್ಲಿ ಅಧಿಕಾರಿಗಳು, ಸಣ್ಣದರಲ್ಲಿ ನಾನು. ಬರುತ್ತಿದ್ದವರು ಕಡಿಮೆ. ಬಂದವರಿಗೆ ಒಂದು ಅರ್ಜಿ ತುಂಬಿಸಿ, ನಾಲ್ಕು ಕಡೆ ಪತ್ರ ಬರೆದು, "ತಿಳಿಸ್ತೀವಿ, ಹೋಗಿಬನ್ನಿ" ಎನ್ನುವುದು ರೂಢಿ.

ಗಂಟಿನ ಮಾತು ಹೇಳಿಕೊಟ್ಟ ಅವರು ನಮ್ಮ ಕಚೇರಿಗೆ ಬಂದದ್ದು ಒಂದು ಸೋಮವಾರ. ವಯಸ್ಸು ಮೂವತ್ತು ಇರಬಹುದು. ಇಸ್ತ್ರಿ ಮಾಡಿದ ಖಾಕಿ ಅಂಗಿ, ಕೆಳಗೆ ಪಂಚೆ. ಕೊರಿಯಾ ಯುದ್ಧದಲ್ಲಿ ಗಾಯಗೊಂಡವರನ್ನು ನೋಡಿಕೊಳ್ಳಲು ಹೋದ ತಂಡದಲ್ಲಿ ಎರಡು ವರ್ಷ ಇದ್ದರು. ಬೆಂಚಿನ ಮೇಲೆ ಕೂರಲು ಹೇಳಿದರೂ ನಿಂತೇ ಇದ್ದರು. ಅರ್ಜಿಯಲ್ಲಿ ಹಿಂದಿನ ಅನುಭವ ಏನೆಂದು ಬರೆಯಬೇಕಿತ್ತು. ಕೇಳಿದೆ.

"ಸಾಯೋರ್ನ ಹೊರ್ತಿದ್ದೆ ಸಾ" ಎಂದರು. ನಾನು ತಲೆ ಎತ್ತಿದೆ. "ಬದುಕ್ಕಂಡೋರೂ ಅವ್ರೆ, ಎದ್ರುಕೋಬ್ಯಾಡಿ. ಗಾಯ ತೊಳೆಯೋದು, ಪಟ್ಟಿ ಕಟ್ಟೋದು, ರಕ್ತ ನಿಲ್ಸೋದು. ಡ್ರೆಸ್ಸರ್ ಅಂತ ಬರ್ಕೊಳಿ."

ಅವರಿಗೆ ಬೇಕಾಗಿದ್ದುದು ಒಂದೇ, ಆಸ್ಪತ್ರೆಯ ಕೆಲಸ. ಊರಿನಲ್ಲಿ ಅಣ್ಣಂದಿರು ಹೊಲ ನೋಡಿಕೊಳ್ಳುತ್ತಿದ್ದರು. ಜಮೀನಿಗೆ ಇನ್ನೊಂದು ಜೊತೆ ಕೈ ಬೇಕಿರಲಿಲ್ಲ. "ಆಸ್ಪತ್ರೆಲಿ ಕಸ ಗುಡಿಸೋದಾದ್ರೂ ಸೈ, ಒಳಗಿರ್ಬೇಕು ಅಷ್ಟೆ. ಕಲ್ತ ಕೈ ಮರ್ತೋಯ್ತದೆ ಸಾ" ಎಂದು ಅಂಗೈ ಎರಡನ್ನೂ ಚಾಚಿ ನನಗೆ ತೋರಿಸಿದರು, ನಾನು ಅವನ್ನು ಪರೀಕ್ಷೆ ಮಾಡುತ್ತೇನೆ ಎನ್ನುವ ಹಾಗೆ.

ಚಾಮರಾಜನಗರದ ಆಸ್ಪತ್ರೆಗೆ ಬರೆದೆ. ಜಾಗ ಖಾಲಿಯಿಲ್ಲ, ಆದಾಗ ನೋಡೋಣ ಎಂದು ಉತ್ತರ ಬಂತು. ಅವರು ಪ್ರತಿ ಸೋಮವಾರ ಬರುತ್ತಿದ್ದರು. ನಾಲ್ಕನೆಯ ಸೋಮವಾರಕ್ಕೆ ನನಗೇ ಮುಖ ತೋರಿಸಲು ನಾಚಿಕೆಯಾಗತೊಡಗಿತು. ಅದೇ ವಾರ ಬಾವಿ ತೋಡಿಸುತ್ತಿದ್ದ ಗುತ್ತಿಗೆದಾರರೊಬ್ಬರು ಕಚೇರಿಗೆ ಬಂದರು. ಹರವೆಯ ಕಡೆ ನೀರಾವರಿ ಬಾವಿಯೊಂದರಲ್ಲಿ ಬಂಡೆ ಸಿಕ್ಕಿದೆ, ಸಿಡಿಮದ್ದು ಇಟ್ಟು ಒಡೆಯುವವನು ಬಿಟ್ಟುಹೋಗುತ್ತಿದ್ದಾನೆ, ಗಟ್ಟಿ ಎದೆಯವನೊಬ್ಬ ಬೇಕು, ಹದಿನೈದು ದಿನದಲ್ಲಿ ಹಳಬನೇ ಕಲಿಸಿಕೊಡುತ್ತಾನೆ ಎಂದರು. ನನ್ನ ಕಣ್ಣ ಮುಂದೆ ಆ ಖಾಕಿ ಅಂಗಿ ಬಂತು.

ಅವರು ತಕ್ಷಣ ಒಪ್ಪಲಿಲ್ಲ. "ನೆಲದೊಳಗೆ ಇಟ್ಟ ಮದ್ದು ಅಂದ್ರೆ ಭಯ ಸಾ. ಅಲ್ಲಿ ಅದ್ನ ತುಳ್ದು ಕಾಲು ಕಳ್ಕೊಂಡೋರ್ನ ಎಷ್ಟು ಜನವ ಹೊತ್ತಿವ್ನಿ."

"ಯುದ್ಧ ಕಂಡು ಬಂದ ನೀವೇ ಹೀಗಂದರೆ ಹೇಗೆ? ಆಸ್ಪತ್ರೆ ಜಾಗ ಬರೋವರೆಗೆ ಮಾತ್ರ" ಎಂದೆ. ನನಗೆ ಆಗ ಇಪ್ಪತ್ತಮೂರು. ಬಂಡೆ ಸಿಡಿಯುವುದನ್ನು ಒಮ್ಮೆಯೂ ನೋಡಿದವನಲ್ಲ. ಅವರು ಪೆನ್ನು ಕೇಳಿ, ಇಂಗ್ಲಿಷಿನಲ್ಲಿ ಅಂದವಾಗಿ ಸಹಿ ಮಾಡಿದರು.

ಎರಡೂವರೆ ತಿಂಗಳಿಗೆ ಆಸ್ಪತ್ರೆಯಿಂದ ಆದೇಶ ಬಂತು. ಡ್ರೆಸ್ಸರ್ ಜಾಗ. ಅಂಚೆ ಹೇಗೆ ತಡವಾಯಿತೋ, ನನ್ನ ಮೇಜಿಗೆ ಬಂದಾಗ ಕೆಲಸಕ್ಕೆ ಸೇರಲು ಕೊನೆಯ ದಿನ ಅದೇ ಆಗಿತ್ತು. ಸಂಜೆ ಐದರೊಳಗೆ ಹಾಜರಾಗದಿದ್ದರೆ ಜಾಗ ಇನ್ನೊಬ್ಬರಿಗೆ. ನಾನೇ ಬಸ್ಸು ಹತ್ತಿ, ಹರವೆಯ ಬಳಿ ಇಳಿದು, ಹೊಲದ ಬದುವಿನ ಮೇಲೆ ಓಡಿದೆ.

ಬಾವಿ ಚೌಕಾಕಾರದ್ದು, ಕೆರೆಯಷ್ಟು ಅಗಲ ಎನಿಸಿತ್ತು. ಒಂದು ಪಕ್ಕದಲ್ಲಿ ಕಡಿದ ಮೆಟ್ಟಿಲು. ಮೇಲೆ ಆಳುಗಳು ಬೀಡಿ ಸೇದುತ್ತ ಕುಳಿತಿದ್ದರು. ಕೆಳಗೆ ಕೆಲಸದಲ್ಲಿದ್ದ ಅವರನ್ನು ಅಲ್ಲಿ ಎಲ್ಲರೂ ಕೊರಿಯಾದಣ್ಣ ಎನ್ನುತ್ತಿದ್ದರು.

"ಕೊರಿಯಾದಣ್ಣೋ, ಆ ದೇಸದಲ್ಲಿ ಹಾವು ತಿಂತಾರಂತಲ್ಲ, ನೀನೂ ತಿಂದಿದ್ಯಾ?" ಎಂದು ಒಬ್ಬ ಮೇಲಿನಿಂದ ಕೂಗಿದ.

"ನಿನ್ನೆಂಡ್ರು ಕಟ್ಟೋ ಮುದ್ದೆಗಿಂತ ಮೆತ್ಗಿತ್ತು ಬುಡ್ಲಾ" ಎಂದು ಕೆಳಗಿನಿಂದ ಉತ್ತರ ಬಂತು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೇಲೆ ಬಂದು ಆದೇಶವನ್ನು ಎರಡು ಸಲ ಓದಿದರು. ತುಟಿ ಅಲುಗುತ್ತಿತ್ತು. ಮಡಿಸಿ ಎದೆಯ ಜೇಬಿಗೆ ಇಟ್ಟುಕೊಂಡು ಗುಂಡಿ ಹಾಕಿದರು. ಈಗಲೇ ಹೊರಡಿ, ಮೂರು ಗಂಟೆಯ ಬಸ್ಸು ತಪ್ಪಿದರೆ ಮುಗಿಯಿತು ಎಂದೆ.

"ಬಂಡೇಲಿ ಕೊರ್ದಿರೋ ಐದು ಕುಳಿಗೂ ಮದ್ದು ತುಂಬಿವ್ನಿ ಸಾ. ತುಂಬಿದ್ ಕುಳಿನ ಇನ್ನೊಬ್ಬರ್ಗೆ ಬುಟ್ಟು ಓಗಕಾಯ್ತದಾ? ಇದೊಂದ ಮುಗಿಸ್ಬುಟ್ಟು ಜೊತೇಲೆ ಹೋಗನ."

ಅಲ್ಲಿ ಒಂದು ಕಟ್ಟುನಿಟ್ಟಿತ್ತು. ಐದು ಕುಳಿಗೆ ಐದು ಅಳತೆಯ ಬತ್ತಿ, ಒಂದಾದ ಮೇಲೊಂದು ಸಿಡಿಯುವಂತೆ. ಬತ್ತಿ ಹಚ್ಚಿದವನು ಎಣಿಸಬಾರದು. ಓಡಿ ಬಂದವನ ಎದೆಬಡಿತವೂ ಎಣಿಕೆಗೆ ಸೇರಿಬಿಡುತ್ತದೆ ಎಂದು ಅವರೇ ನಗುತ್ತ ಹೇಳಿದರು. ಎಣಿಸುವುದಕ್ಕೆ ಒಬ್ಬರು ಮುದುಕರಿದ್ದರು. ಸುಗ್ಗಿಯಲ್ಲಿ ಕಣಗಳಿಗೆ ಹೋಗಿ ರಾಗಿ ಅಳೆದುಕೊಡುತ್ತಿದ್ದ ಮನುಷ್ಯ. ಎಣಿಕೆ ತಪ್ಪುವವರಲ್ಲ ಎಂದು ಹೆಸರಾಗಿದ್ದರು. ಬಾವಿಯ ಆಚೆಗಿನ ಮಣ್ಣುಗುಡ್ಡೆಯ ಮೇಲೆ ನಿಂತು, ಪ್ರತಿ ಸಿಡಿತಕ್ಕೂ ಗಟ್ಟಿಯಾಗಿ ಎಣಿಸಿ, ಎಲ್ಲ ಸಿಡಿದ ಮೇಲೆ ಟವೆಲ್ಲು ಎತ್ತುತ್ತಿದ್ದರು. ಒಂದು ಕಡಿಮೆಯಾದರೂ ಎತ್ತುತ್ತಿರಲಿಲ್ಲ. ಆಗ ಒಂದು ಗಂಟೆ ಯಾರೂ ಬಾವಿಯ ಹತ್ತಿರ ಸುಳಿಯುವಂತಿಲ್ಲ.

ಅವರು ಬತ್ತಿಗಳನ್ನು ಹಚ್ಚಿ, ಮೆಟ್ಟಿಲು ಹತ್ತಿ ಓಡಿಬಂದು ಈಚೆಯ ಬಂಡೆಯ ಹಿಂದೆ ಕುಳಿತರು. ನಾನು ಅವರಿಂದ ಹತ್ತು ಮಾರು ದೂರ, ಒಂದು ಹುಣಸೆ ಮರದ ಬುಡದಲ್ಲಿದ್ದೆ. ಮೊದಲನೆಯದು ಸಿಡಿಯಿತು. ನೆಲ ಕಾಲಿನೊಳಗೆ ನುಗ್ಗಿದ ಹಾಗಾಯಿತು. "ಲಾಭ" ಎಂದು ಮುದುಕರು ಕೂಗಿದ್ದು ಕೇಳಿತು. ನಾನು ಎರಡೂ ಕಿವಿ ಒತ್ತಿ ಹಿಡಿದು, ತಲೆಯನ್ನು ಮೊಣಕಾಲಿಗೆ ಆನಿಸಿಬಿಟ್ಟೆ. ಮುಂದಿನದೆಲ್ಲ ಒಂದೇ ಗುಡುಗು. ಕೈ ತೆಗೆದಾಗ ಕೇಳಿದ್ದು "ನಾಲ್ಕು" ಎಂಬ ಕೂಗು. ಆಮೇಲೆ ಮೌನ. ಕಲ್ಲಿನ ಚೂರುಗಳು ಎಲೆಗಳ ಮೇಲೆ ಉದುರುವ ಸದ್ದು ಅಷ್ಟೆ.

ಕೈಗಡಿಯಾರ ನೋಡಿಕೊಂಡೆ. ಎರಡೂವರೆ ದಾಟಿತ್ತು.

ಬಂಡೆಯ ಹಿಂದಿನಿಂದ ಅವರಿಗೆ ಮುದುಕರು ಕಾಣುತ್ತಿರಲಿಲ್ಲ, ಸಿಡಿತದ ಸದ್ದಿಗೆ ಎಣಿಕೆಯ ಕೂಗೂ ಸರಿಯಾಗಿ ಕೇಳಿರಲಿಲ್ಲ. ಹೊಗೆಯೂ ಕವಿದಿತ್ತು. "ಎಷ್ಟಾಯ್ತು ಸಾ?" ಎಂದು ನನ್ನನ್ನು ಕೇಳಿದರು.

"ಐದು. ಎಲ್ಲಾ ಆಯಿತು, ಬನ್ನಿ" ಎಂದೆ.

ಮೈಸೂರಿನ ನಮ್ಮ ಮನೆಯಲ್ಲಿ ಅಜ್ಜಿ ಅಕ್ಕಿ ಅಳೆಯುವಾಗ ಮೊದಲ ಸೇರನ್ನು "ಲಾಭ" ಎಂದು ದೇವರ ಪಾಲಿಗೆ ಬೇರೆ ತೆಗೆದಿಡುತ್ತಿದ್ದಳು. ಎರಡನೆಯ ಸೇರಿನಿಂದ ಒಂದು, ಎರಡು ಎಂದು ಎಣಿಕೆ. ಲಾಭ ಮತ್ತು ನಾಲ್ಕು, ಒಟ್ಟು ಐದು. ಆ ಕ್ಷಣದಲ್ಲಿ ನನಗೆ ಅದರಲ್ಲಿ ಅನುಮಾನವೇ ಹುಟ್ಟಲಿಲ್ಲ. ರಾಗಿಯ ಕಣದಲ್ಲಿ ಒಂದು ಎನ್ನುವ ಬದಲಿಗೇ ಲಾಭ ಎನ್ನುತ್ತಾರೆ, ಅದರ ಮುಂದಿನದು ನೇರ ಎರಡು ಎಂಬುದು ಆ ಬಾವಿಯ ಸುತ್ತ ಇದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ನನಗೊಬ್ಬನಿಗೆ ಗೊತ್ತಿರಲಿಲ್ಲ. ಸಿಡಿದದ್ದು ನಾಲ್ಕೇ.

ಅವರು ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಹೊರಡುವ ಮೊದಲು ಬಂಡೆ ಎಷ್ಟು ಒಡೆದಿದೆ ಎಂದು ನೋಡಿಬರಲು ಮೆಟ್ಟಿಲು ಇಳಿದರು. ಹೊಗೆ ಸರಿದಾಗ ಆಚೆಯಿಂದ ಮುದುಕರ ಕೂಗು ಬಂತು. "ಇಳೀಬ್ಯಾಡ ಕಣ್ಲಾ! ನಾಲ್ಕೇ! ನಾಲ್ಕೇ ಕಣಪ್ಪಾ!" ಅವರು ನಿಂತು, ಮುಖ ತಿರುಗಿಸಿ, ಕೈ ಎತ್ತಿ ಗೋಡೆಗೆ ಒರಗಿದರು. ಆಗ ಐದನೆಯದು...

ಆ ಮುಖ ತಿರುಗುವುದನ್ನು ನಾನು ಇವತ್ತಿಗೂ ನೋಡುತ್ತೇನೆ. ಬಸ್ಸಿನಲ್ಲಿ, ಊಟದ ಎಲೆಯ ಮುಂದೆ, ಯಾರೋ ಏನೋ ಎಣಿಸುವಾಗ. ಪ್ರತಿ ಸಲವೂ ನಾನು ಬಾಯಿ ತೆರೆಯದೆ ಇರಲು ನೋಡುತ್ತೇನೆ. ಪ್ರತಿ ಸಲವೂ ಕೊನೆಗೆ "ಐದು" ಎನ್ನುತ್ತೇನೆ.

ಮೊದಲು ಇಳಿದವರು ಮುದುಕರು, ಹಿಂದೆ ನಾನು. ಬಲಗೈ ಮೊಣಕೈಯಿಂದ ಕೆಳಗೆ ಕೈಯಾಗಿ ಉಳಿದಿರಲಿಲ್ಲ. ಅವರಿಗೆ ಎಚ್ಚರವಿತ್ತು. ನನ್ನನ್ನು ನೋಡಿದರು. ಬೈಯಲಿಲ್ಲ. "ಟವೆಲ್ ತಗೊಳಿ ಸಾ. ತೋಳಿನ ಮೇಲ್ಗಡೆ... ಇನ್ನೂ ಮ್ಯಾಲೆ. ಕಡ್ಡಿ ಸಿಗ್ಸಿ ತಿರುವಿ. ಬಿಗಿಯಾಗ್ಲಿ." ನನ್ನ ಕೈಗಳು ಅವರು ಹೇಳಿದಂತೆ ಮಾಡಿದವು. ತಲೆಯ ಗಾಯಕ್ಕೆ ಪಂಚೆ ಹರಿದು ಸುತ್ತಿದೆ. "ಗಂಟು ಗಾಯದ ಮೇಲೆ ಬ್ಯಾಡ, ಪಕ್ಕಕ್ಕೆ" ಎಂದರು. ಕಲಿಸುವವರ ದನಿಯಲ್ಲೇ ಹೇಳಿದರು.

ರಸ್ತೆಯಲ್ಲಿ ಸಿಕ್ಕ ಲಾರಿಯಲ್ಲಿ ಚಾಮರಾಜನಗರಕ್ಕೆ ಕರೆದೊಯ್ದೆವು. ರಕ್ತ ನಿಲ್ಲಿಸಿದ್ದು ಯಾರು, ಚೆನ್ನಾಗಿ ಕಟ್ಟಿದ್ದಾರೆ ಎಂದು ಡಾಕ್ಟರು ಕೇಳಿದರು. ಆಮೇಲೆ ಅಂಗಿ ಕತ್ತರಿಸುವಾಗ ಜೇಬಿನಿಂದ ಆದೇಶ ಹೊರಬಂತು. ಡಾಕ್ಟರು ಅದನ್ನು ಓದಿ, ಗೋಡೆಯ ಗಡಿಯಾರ ನೋಡಿದರು. ಇನ್ನೂ ಐದಾಗಿರಲಿಲ್ಲ.

ವಾರದ ಮೇಲೆ ನಮ್ಮ ಅಧಿಕಾರಿಗಳು ಹೇಳಿಕೆ ಪಡೆಯಲು ಆಸ್ಪತ್ರೆಗೆ ಬಂದರು. ಬರೆದುಕೊಳ್ಳಲು ನನ್ನನ್ನೇ ಮಂಚದ ಪಕ್ಕ ಕೂರಿಸಿದರು. "ಮುದುಕ ಟವೆಲ್ ಎತ್ತಿರಲಿಲ್ಲ ಅಂತಾನೆ. ಮತ್ತೆ ಐದಾಯ್ತು ಅಂದೋರು ಯಾರು?"

ಅವರು ಸೂರಿನ ಕಡೆ ನೋಡುತ್ತಿದ್ದರು. "ಯಾರೂ ಅನ್ನಲಿಲ್ಲ. ನಾನೇ ಎಣಿಸ್ದೆ, ನಾನೇ ತಪ್ದೆ. ಬರ್ಕೊಳಿ ಸಾ."

ಬರೆದುಕೊಂಡೆ. ನನ್ನ ಪೆನ್ನು ಎಲ್ಲಿಯೂ ನಿಲ್ಲಲಿಲ್ಲ. ಕೆಳಗೆ ಅವರ ಎಡಗೈಯ ಹೆಬ್ಬೆಟ್ಟು ಒತ್ತಿಸಿದೆ.

ಅಧಿಕಾರಿಗಳು ಹೊರಗೆ ಹೋದ ಮೇಲೆ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಅವರಿಗೆ ಅದರಲ್ಲಿ ದೊಡ್ಡ ಮಾತೇನೂ ಇದ್ದಂತಿರಲಿಲ್ಲ. "ನಿಮ್ ಕೆಲ್ಸ ಹೋದ್ರೆ ನಂಗೆ ಇನ್ನೊಂದು ಕೆಲ್ಸ ಯಾರು ಕೊಡಿಸ್ತಾರೆ ಸಾ? ಹಳ್ಳಿಲಿ ಒಂಟಿ ಕೈಯೋನ್ನ ಯಾರು ಕರೀತಾರೆ? ನೀವು ಅಲ್ಲೇ ಕುಂತಿರಿ. ನಾ ಸೋಮವಾರ ಬತ್ತೀನಿ."

ಬಂದರು. ಆ ಹೊತ್ತಿಗೆ ಕಡತ ಮುಗಿದಿತ್ತು. ಸ್ವಂತ ಅಜಾಗರೂಕತೆಯಿಂದ ಗಾಯಗೊಂಡವರು, ಮುಂದಿನ ನೆರವಿಗೆ ಪರಿಗಣಿಸತಕ್ಕದ್ದಲ್ಲ ಎಂದು ಮೇಲಿನಿಂದ ಬಂದ ಸಾಲನ್ನು ಪಟ್ಟಿಯಲ್ಲಿ ಅವರ ಹೆಸರಿನ ಎದುರು ಬರೆದವನು ನಾನೇ. ಐದು ಎಂದವನು ನಾನು ಎಂದು ಒಂದು ಹೇಳಿಕೆ ಕೊಟ್ಟಿದ್ದರೆ ಆ ಸಾಲು ಅಳಿಯುತ್ತಿತ್ತು. ಕೊಡಲಿಲ್ಲ. ಹೊಸ ಕೆಲಸ, ಮನೆಯಲ್ಲಿ ಮದುವೆಗಿದ್ದ ತಂಗಿ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಅವರಿಗೆ "ನೋಡ್ತಾ ಇದ್ದೀನಿ" ಎಂದೆ. ಆರು ಸೋಮವಾರ ಹಾಗೆಯೇ ಎಂದೆ. ಮುದುಕರು ಒಂದು ಸಲ ಅವರ ಜೊತೆ ಬಂದಿದ್ದರು. ಬಾಗಿಲಲ್ಲೇ ನಿಂತು, "ಓದ್ದೋರು ಎಣಿಸಿದ್ರೆ ಮುಗೀತು ಬುಡಪ್ಪ, ನಮ್ದೇನು ಅದೆ" ಎಂದು ನನ್ನತ್ತ ನೋಡದೆ ಹೇಳಿದರು. ಏಳನೆಯ ಸೋಮವಾರಕ್ಕೆ ನನಗೆ ಮೈಸೂರಿಗೆ ವರ್ಗವಾಗಿತ್ತು. ಕೇಳಿ ಪಡೆದುಕೊಂಡ ವರ್ಗ.

ಮೂರು ನಾಲ್ಕು ವರ್ಷದ ಮೇಲೆ ಸತ್ಯಮಂಗಲಕ್ಕೆ ಹೋಗುವಾಗ ಪುಣಜನೂರಿನ ಕಾಡಿನ ಗೇಟಿನಲ್ಲಿ ಬಸ್ಸು ನಿಂತಿತು. ಎಡಗೈಯಲ್ಲಿ ರಸ್ತೆಗೆ ಅಡ್ಡವಿದ್ದ ಬೊಂಬಿನ ಹಗ್ಗ ಹಿಡಿದು ನಿಂತಿದ್ದವರು ಅವರೇ. ಬಲಗಡೆ ಖಾಕಿ ತೋಳನ್ನು ಮಡಿಸಿ ಪಿನ್ನು ಹಾಕಿದ್ದರು. ನಾನು ಮುಖ ತಿರುಗಿಸುವಷ್ಟರಲ್ಲಿ ಕಿಟಕಿಗೆ ಬಂದುಬಿಟ್ಟರು.

"ಚೆನ್ನಾಗಿದ್ದೀರಾ ಸಾ? ಈ ಕೆಲ್ಸವ ನಾನೇ ಹುಡುಕ್ಕಂಡೆ. ಆನೆ ಬಂದ್ರೆ ಓಡಕ್ಕೆ ಕಾಲೆರ್ಡೂ ನೆಟ್ಟಗವೆ." ನಕ್ಕರು. ಆಮೇಲೆ ಸ್ವಲ್ಪ ತಡೆದು, "ಆ ಆಸ್ಪತ್ರೆ ಜಾಗಕ್ಕೆ ಆಮ್ಯಾಲೆ ಯಾರ ತಗೊಂಡ್ರು ಸಾ? ಒಳ್ಳೆ ಕೈಯೋರಾ?" ಎಂದರು.

ಗೊತ್ತಿಲ್ಲ ಎಂದೆ. ಬಸ್ಸಿನ ತುಂಬ ಜನರಿದ್ದರು. ಅವರು ಹೋಗಿ ಹಗ್ಗ ಎಳೆದರು. ಬೊಂಬು ಮೇಲೆದ್ದಿತು. ಬಸ್ಸು ಹೊರಟಿತು.

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಅದಾಗಿ ಎರಡು ವರ್ಷದ ಮೇಲೆ. ಮುದುಕರು ಅದಕ್ಕೂ ಮೊದಲೇ ಹೋಗಿದ್ದರು. ನಮ್ಮ ಕಚೇರಿಯನ್ನು ಮುಚ್ಚಿದಾಗ ಹಳೆಯ ಕಡತಗಳನ್ನು ಸುಟ್ಟರಂತೆ. ನಾನು ಬಡ್ತಿಗಳನ್ನೆಲ್ಲ ಪಡೆದು, ಹಾರ ಹಾಕಿಸಿಕೊಂಡು ನಿವೃತ್ತನಾದೆ. ಅಂದು ಎಣಿಸಿದವರು ಅವರಲ್ಲ, ತಪ್ಪಿದವರೂ ಅವರಲ್ಲ. ಇಷ್ಟನ್ನು ಬರೆದುಕೊಡಲು ಅವರು ಕಾದ ಆರು ಸೋಮವಾರಗಳಲ್ಲಿ ಯಾವುದಾದರೂ ಒಂದು ಸಾಕಾಗಿತ್ತು. ಈಗ ಬರೆದಿದ್ದೇನೆ, ಕೊಡಬೇಕಾದ ಮೇಜು ಯಾವುದೂ ಉಳಿದಿಲ್ಲ.