ಪುಟ್ಟಮಾದಮ್ಮನ ತಲೆಯೊಳಗೆ ನಡೆದದ್ದು

ಹರವೆಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಪುಟ್ಟಮಾದಮ್ಮ ಮಾತಿನಲ್ಲಿ ಯಾರಿಗೂ ಸೋತವಳಲ್ಲ. ಶಾಲೆಗೆ ಬರುವ ಅಷ್ಟೂ ಮಕ್ಕಳ ಹೆಸರು, ಅವರ ಅಪ್ಪ ಅವ್ವಂದಿರ ಹೆಸರು, ಯಾರಿಗೆ ಬದನೆಕಾಯಿ ಸೇರದು ಎನ್ನುವುದೆಲ್ಲ ಅವಳ ನಾಲಗೆಯ ತುದಿಯಲ್ಲಿತ್ತು. ಅಂಥವಳು ಒಂದು ಬೆಳಿಗ್ಗೆ ಜ್ವರದಲ್ಲೇ ಕೆಲಸಕ್ಕೆ ಬಂದು, ಜೊತೆಯಲ್ಲಿ ಅಡುಗೆ ಮಾಡುವ ಚಿಕ್ಕಮಲ್ಲಮ್ಮನಿಗೆ, "ಆ ಹಗ್ಗ ಕೊಡವ್ವ, ಸಾರಿಗೆ ಹಾಕನ" ಎಂದಳು. ಕೈ ಮಾತ್ರ ಉಪ್ಪಿನ ಡಬ್ಬಿಯನ್ನು ತೋರಿಸುತ್ತಿತ್ತು.

ಚಿಕ್ಕಮಲ್ಲಮ್ಮ ತಮಾಷೆ ಎಂದುಕೊಂಡು ನಕ್ಕಳು. ಆದರೆ ಪುಟ್ಟಮಾದಮ್ಮ ಎಲ್ಲೋ ಕೂದಲು ಸುಟ್ಟ ವಾಸನೆ ಬರುತ್ತಿದೆ ಎಂದು ಮೂಲೆ ಮೂಲೆ ಹುಡುಕಾಡಿ, ಗೋಡೆ ಹಿಡಿದುಕೊಂಡು ಕುಸಿದಳು. ಅಲ್ಲಿಗೆ ನಗು ನಿಂತಿತು.

ಅರಿಶಿನದ ಹೊಲದಲ್ಲಿದ್ದ ಗಂಡ ಚೆಲುವಯ್ಯ ಓಡಿಬಂದು ಆಟೋದಲ್ಲಿ ಚಾಮರಾಜನಗರದ ಆಸ್ಪತ್ರೆಗೆ ಕರೆದೊಯ್ದ. ಆ ದಾರಿ ಅವಳಿಗೆ ಇವತ್ತಿಗೂ ನೆನಪಿಲ್ಲ. ಗುಂಡ್ಲುಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಕುಮಾರಿ ಬಸ್ಸು ಹಿಡಿದು ಬಂದಾಗ, ತಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಯಾವೂರವ್ವ ನಿಂದು?" ಎಂದಳು. ಕುಮಾರಿ ಗೋಡೆಯ ಕಡೆ ತಿರುಗಿ ಸೆರಗು ಕಚ್ಚಿ ಅತ್ತಳು.

ಸ್ಕ್ಯಾನ್ ನೋಡಿ, ಬೆನ್ನುಮೂಳೆಯಿಂದ ತೆಗೆದ ನೀರಿನ ಪರೀಕ್ಷೆ ಮಾಡಿಸಿದ ಡಾಕ್ಟರ್ ಶೃತಿ ಕಾಯಿಲೆ ಕಂಡುಹಿಡಿದರು. ಜ್ವರ ಬಂದಾಗ ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ವೈರಸ್ಸು, ಬಲು ಅಪರೂಪಕ್ಕೆ ಮೆದುಳಿಗೆ ಹತ್ತುವುದುಂಟು, ಇವಳಿಗೆ ಹತ್ತಿತ್ತು. ಡ್ರಿಪ್ಪಿನಲ್ಲಿ ಔಷಧಿ ಶುರುವಾಯಿತು. ಚೆಲುವಯ್ಯ ಮಂಚದ ಪಕ್ಕ ಬಿಟ್ಟು ಕದಲಲಿಲ್ಲ.

ಮಾತು ಒಂದೊಂದೇ ಮರಳಿತು. ಮೊದಲು "ನೀರು." ಆಮೇಲೆ ಒಂದು ಮಧ್ಯಾಹ್ನ, ಗಂಜಿ ಕುಡಿಸುತ್ತಿದ್ದ ಮಗಳ ಮುಖವನ್ನೇ ದಿಟ್ಟಿಸಿ, "ತಲೆಗೆ ಎಣ್ಣೆ ಹಾಕಂಡಿಲ್ವಾ ಕುಮಾರಿ? ಕೆದರ್ಕಂಡು ಏನ್ ಕೂಸೆ ಇದು" ಎಂದು ಬೈದಳು. ಆ ಬೈಗುಳಕ್ಕೆ ಕುಮಾರಿ ಕೈಯಲ್ಲಿದ್ದ ಚಮಚ ಬಿಟ್ಟು ಅವ್ವನನ್ನು ತಬ್ಬಿಕೊಂಡಳು.

ಮನೆಗೆ ಹೋಗಿ ಸುಧಾರಿಸಿಕೊಂಡ ಮೇಲೆ ಮತ್ತೆ ತೋರಿಸಲು ಗಂಡನ ಜೊತೆ ಆಸ್ಪತ್ರೆಗೆ ಬಂದಾಗ, ಪುಟ್ಟಮಾದಮ್ಮ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟಳು.

"ಮೇಡಮ್ಮೋರೆ, ನನ್ ತಲೆಯೊಳಕ್ಕೆ ಬಂದು ಕುಂತಿತ್ತಲ್ಲ, ಅದುನ್ನ ಓಡ್ಸುದ್ದು ನಿಮ್ಮ ಔಸ್ದಿನೇಯಾ?"

ಶೃತಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ಔಷಧಿ ಅದು ಹೆಚ್ಚದ ಹಾಗೆ ತಡೀತು. ರಕ್ತದಿಂದಲೂ ಕಾವಲಿನ ಕೋಶಗಳು ಬಂದವು. ಆದರೆ ನಿಮ್ಮ ನರದ ಕೋಶಗಳು ತಾವೂ ಸುಮ್ಮನಿರೋದಿಲ್ಲ ಅಮ್ಮ. ಚರ್ಮದ ಕೋಶ ಒಂದು ಸತ್ತರೆ ಇನ್ನೊಂದು ಹುಟ್ಟುತ್ತೆ. ಮೆದುಳಿನ ನರಕೋಶ ಸತ್ತರೆ ಹೋದ ಹಾಗೇ. ಅದಕ್ಕೇ ಅದು ತಾನು ಸಾಯದೆ, ಒಳಗೆ ಹೊಕ್ಕಿದ್ದನ್ನ ಮಾತ್ರ ತೆಗೀಬೇಕು."

ಅವರು ಲ್ಯಾಪ್‌ಟಾಪ್ ತೆರೆದು, ಬಲವಾದ ಸೂಕ್ಷ್ಮದರ್ಶಕದಲ್ಲಿ ಸೆರೆಹಿಡಿದ ಒಂದು ಚಿತ್ರ ಓಡಿಸಿದರು. ಕತ್ತಲಲ್ಲಿ ಹಸಿರಾಗಿ ಹೊಳೆಯುವ ಒಂದೇ ಒಂದು ಕೋಶ. ಅದರೊಳಗೆ ಏನೂ ಇಲ್ಲದ ಕಡೆ ತೆಳುವಾದ ಪೊರೆಯೊಂದು ಎದ್ದಿತು, ಬಾಗಿತು, ಒಂದು ಬೇಡದ ಚೂರನ್ನು ಸುತ್ತುವರಿದು ಚೀಲದ ಹಾಗೆ ಬಾಯಿ ಮುಚ್ಚಿಕೊಂಡಿತು. ಅರಗಿಸುವ ರಸ ತುಂಬಿದ ಇನ್ನೊಂದು ಚೀಲ ತೇಲಿಬಂದು ಅದಕ್ಕೆ ಕೂಡಿತು. ಒಳಗಿದ್ದದ್ದು ಕರಗಿಹೋಯಿತು.

"ಆಟೋಫೇಜಿ ಅಂತಾರೆ, ತನ್ನೊಳಗಿನದನ್ನ ತಾನೇ ತಿನ್ನೋದು" ಎಂದರು ಶೃತಿ. "ಕರಗಿದ್ದರಲ್ಲಿ ಬೇಕಾದ್ದನ್ನ ಮತ್ತೆ ಬಳಸಿಕೊಳ್ಳುತ್ತೆ. ವೈರಸ್ಸೂ ಜಾಣ. ಚೀಲ ಕಟ್ಟೋ ಕೈಯನ್ನೇ ಹಿಡಿದುಕೊಳ್ಳೋಕೆ ನೋಡುತ್ತೆ. ಇದನ್ನೆಲ್ಲ ಇಲಿಗಳಲ್ಲಿ, ಪ್ರಯೋಗಶಾಲೆಯ ಕೋಶಗಳಲ್ಲಿ ನೋಡಿ ತಿಳಿದಿದ್ದು. ನಿಮ್ಮ ತಲೆಯೊಳಗೆ ಯಾರೂ ಇಣುಕಿಲ್ಲ. ಆದರೂ ಅಲ್ಲೂ ಹೀಗೇ ನಡೆದಿರಬೇಕು."

"ಅಸಿವಾದಾಗ್ಲೂ ಇಂಗೇ ತಿಂತದಾ?" ಎಂದು ಕೇಳಿದಳು ಪುಟ್ಟಮಾದಮ್ಮ.

"ಹೌದು, ಆಗಲೂ ಹಳೇದನ್ನ ಕರಗಿಸುತ್ತೆ. ಹಾಗಂತ ನೀವು ಉಪವಾಸ ಕೂರಬೇಡಿ!"

ಚೆಲುವಯ್ಯ ನಕ್ಕ. ಪುಟ್ಟಮಾದಮ್ಮ ನಗಲಿಲ್ಲ. ಅವಳು ಪರದೆಯನ್ನೇ ನೋಡುತ್ತಿದ್ದಳು. ಮಗಳ ಗುರುತೂ ಇಲ್ಲದೆ ತಾನು ಮಲಗಿದ್ದಾಗ, ಯಾರೂ ಹೇಳಿಕೊಡದೆ, ಯಾರೂ ಕರೆಯದೆ, ಈ ಕಣ್ಣಿಗೆ ಕಾಣದವು ಒಳಗೆ ದುಡಿದಿದ್ದವು.

"ಅಯ್ಯೋ ಸಿವ್ನೆ," ಎಂದಳು ಮೆಲ್ಲಗೆ, "ನನ್ನೊಳಗೇ ಇಷ್ಟೆಲ್ಲ ನಡುದ್ಬುಟ್ಟದೆ. ನಂಗೊಂದ್ ಮಾತು ಹೇಳ್ನಿಲ್ವಲ್ಲ!" ಇನ್ನೊಂದು ಸಲ ತೋರಿಸಿ ಎಂದು ಕೇಳಿ, ಪೊರೆ ಬಾಯಿ ಮುಚ್ಚುವ ಹೊತ್ತಿಗೆ ಕೈಮುಗಿದಳು.

ಎಲ್ಲವೂ ಮರಳಿ ಬರಲಿಲ್ಲ. ಶಾಲೆಗೆ ಹಿಂದಿರುಗಿದ ಮೇಲೂ ಕೆಲವು ಮಕ್ಕಳ ಹೆಸರು ಅವಳಿಗೆ ಸಿಗುತ್ತಿರಲಿಲ್ಲ. "ಏನ್ ನಿನ್ ಹೆಸ್ರು, ಇನ್ನೊಂದ್ಸಲ ಹೇಳ್ಬುಡು" ಎಂದು ನಾಚಿಕೆಯಿಲ್ಲದೆ ಕೇಳಿ ಹೊಸದಾಗಿ ಕಲಿತಳು.

ಡಾಕ್ಟರ್ ಆ ಚಿತ್ರ ತೋರಿಸಿದ ದಿನ, ಹರವೆಗೆ ಮರಳುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸಿನ ಮಡಿಲಲ್ಲಿ ಎಳೆಗೂಸೊಂದು ನೆಗಡಿಯಿಂದ ಗೊರಗುಟ್ಟುತ್ತ ಮಲಗಿತ್ತು. ಪುಟ್ಟಮಾದಮ್ಮ ಅದರ ಮುಷ್ಟಿಯನ್ನು ಬೆರಳಿನಿಂದ ಮುಟ್ಟಿದಳು.

"ನೋಡಿ ಇಲ್ಲಿ," ಎಂದಳು ಗಂಡನಿಗೆ. "ಇಷ್ಟುದ್ದ ಕೂಸಿನೊಳಗೂವೆ ಎಷ್ಟ್ ಕೆಲ್ಸ ನಡೀತಾ ಅದೋ!"