ಗೆರ್ಲಿಂಡೆಯ ಬೆರಳಿಗೆ ಬಿಚ್ಚಿಕೊಂಡರೆ ಸೈ

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷವಿದೆ. ಜರ್ಮನಿಯ ಏರ್‌ಫುರ್ಟ್ ನಗರದ ಅಂಚಿನಲ್ಲಿ, ಟ್ರಾಮ್ ಹಳಿ ಮುಗಿಯುವ ಕಡೆ ಇರುವ ಪರೀಕ್ಷಾಲಯದ ಮೂರನೆಯ ಕೋಣೆಯಲ್ಲಿ ದೀಪ ಹತ್ತಿದೆ. ಇಲ್ಲಿನ ಕೆಲಸದ ಬಗ್ಗೆ ಬರೆಯಲು ಬಂದ ನಾನು ಮೂಲೆಯಲ್ಲಿ ಕೂತಿದ್ದೇನೆ. ಗೆರ್ಲಿಂಡೆ ಹೆಲ್ಬಿಂಗ್ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಎರಡು ಸ್ಕ್ರೂಡ್ರೈವರ್, ಒಂದು ಚಿಮಟ, ಒಂದು ಪ್ಲಾಸ್ಟಿಕ್ ಚಪ್ಪಟೆ ಕಡ್ಡಿಯನ್ನು ಸಾಲಾಗಿ ಇಡುತ್ತಾರೆ. ಯಾವ ಅಂಗಡಿಯಲ್ಲಾದರೂ ಸಿಗುವಂಥವು. ಎದುರಿಗೆ ಬೂದುಬಣ್ಣದ ಹೊಸ ಲ್ಯಾಪ್‌ಟಾಪ್ ಇದೆ. ಅದು ಇನ್ನೂ ಒಂದಕ್ಷರ ಬರೆದಿಲ್ಲ, ಇನ್ನು ಬರೆಯುವುದೂ ಇಲ್ಲ. ಇಪ್ಪತ್ತು ನಿಮಿಷದೊಳಗೆ ಅದು ತುಂಡುತುಂಡಾಗಬೇಕು.

"ಬಾರಪ್ಪ," ಎನ್ನುತ್ತಾರೆ ಯಂತ್ರಕ್ಕೆ. "ನಿನ್ನ ಹೊಟ್ಟೇಲಿ ಏನಿಟ್ಕೊಂಡಿದೀಯೋ ನೋಡೋಣ."

ಅರವತ್ತೊಂದು ವರ್ಷದ ಈ ಹೆಂಗಸಿನ ಬೆರಳ ಗೆಣ್ಣುಗಳು ಊದಿವೆ. ಬಲಗೈ ತೋರುಬೆರಳು ಸ್ವಲ್ಪ ಹೊರಕ್ಕೆ ವಾಲಿದೆ. ಕಾಫಿ ಲೋಟವನ್ನು ಹಿಡಿಯುವುದೂ ಎರಡೂ ಕೈಯಲ್ಲೇ. ಇವತ್ತು ತೀರ್ಮಾನವಾಗಬೇಕಾಗಿರುವುದು ಈ ಬೆರಳುಗಳ ವಿಚಾರವೇ. ಈ ಯಂತ್ರ ಅವರಿಗೆ ಬಿಚ್ಚಲು ಬಾರದೆ ಹೋದರೆ, ಪಿಂಚಣಿಗೆ ಹದಿನಾಲ್ಕು ತಿಂಗಳು ಬಾಕಿ ಇರುವಾಗ ಈ ಮೇಜು ಬೇರೆಯವರ ಪಾಲಾಗುತ್ತದೆ.

ಕಂಪ್ಯೂಟರ್ ಕೊಳ್ಳುವಾಗ ಅದರ ಪೆಟ್ಟಿಗೆಯ ಮೇಲೆ ಪರಿಸರದ ಗುರುತೊಂದನ್ನು ನೀವು ನೋಡಿರಬಹುದು, ನೋಡದೆಯೂ ಇರಬಹುದು. ಇಲ್ಲಿನ ಎಷ್ಟೋ ಶಾಲೆ, ಕಚೇರಿಗಳು ಆ ಗುರುತಿಲ್ಲದ ಯಂತ್ರವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಗುರುತು ಬೇಕಾದರೆ ಯಂತ್ರ ಕರೆಂಟು ಕಡಿಮೆ ಕುಡಿಯಬೇಕು, ಸದ್ದು ಕಡಿಮೆ ಮಾಡಬೇಕು, ಪ್ಲಾಸ್ಟಿಕ್ಕಿನಲ್ಲಿ ವಿಷ ಇರಬಾರದು, ಬಿಡಿಭಾಗ ವರ್ಷಗಟ್ಟಲೆ ಸಿಗಬೇಕು. ಇವನ್ನೆಲ್ಲ ಅಳೆಯಲು ಮೀಟರುಗಳಿವೆ. ಮೀಟರಿಗೆ ಸಿಗದ ನಿಯಮವೂ ಒಂದಿದೆ. ಯಂತ್ರ ಹಳೆಯದಾಗಿ ಎಸೆದ ದಿನ, ಒಬ್ಬರೇ ಒಬ್ಬರು ಸಾಮಾನ್ಯ ಹತ್ಯಾರಗಳಿಂದ ಅದನ್ನು ಬಿಚ್ಚಲು ಬರುವಂತಿರಬೇಕು. ಆ ಒಬ್ಬರು ಯಾರು ಎಂದು ಕಾಗದದಲ್ಲಿಲ್ಲ. ಹದಿನೇಳು ವರ್ಷದಿಂದ ಈ ಪರೀಕ್ಷಾಲಯದಲ್ಲಿ ಆ ಒಬ್ಬರು ಗೆರ್ಲಿಂಡೆ.

ದಿನಕ್ಕೆ ಎರಡು ಯಂತ್ರ, ಕೆಲವೊಮ್ಮೆ ಮೂರು. ಬಿಚ್ಚಿದ ಪ್ರತಿ ಸ್ಕ್ರೂವನ್ನು ಎಣಿಸಿ ಬರೆಯಬೇಕು. ಇಪ್ಪತ್ತೈದು ಗ್ರಾಂಗಿಂತ ಭಾರದ ಪ್ಲಾಸ್ಟಿಕ್ ತುಂಡು ಸಿಕ್ಕರೆ ಅದು ಯಾವ ಜಾತಿಯ ಪ್ಲಾಸ್ಟಿಕ್ ಎಂಬ ಅಚ್ಚು ಇದೆಯೇ ಎಂದು ಭೂತಗನ್ನಡಿಯಲ್ಲಿ ಹುಡುಕಬೇಕು. ಮಧ್ಯಾಹ್ನಕ್ಕೆ ಮನೆಯಿಂದ ತಂದ ರೈ ಬ್ರೆಡ್ಡು, ಲಿವರ್ ಸಾಸೇಜು, ಒಂದು ಉಪ್ಪಿನ ಸೌತೆಕಾಯಿ. ಡಬ್ಬಿಯ ಮುಚ್ಚಳ ಬಿಗಿಯಾಗಿದ್ದರೆ ಅದನ್ನೂ ಬೈಯುತ್ತಾರೆ: "ಇದನ್ನ ಮಾಡಿದೋನಿಗೂ ಗುರುತು ಕೊಡಬಾರ್ದು."

ಇವರು ಬಿಚ್ಚುವುದಕ್ಕಿಂತ ಮೊದಲು ಕಲಿತದ್ದು ಜೋಡಿಸುವುದು. ಹದಿನೇಳನೆಯ ವಯಸ್ಸಿಗೆ, ಇದು ಪೂರ್ವ ಜರ್ಮನಿಯಾಗಿದ್ದಾಗ, ತಮ್ಮೂರಿನ ಕಂಪ್ಯೂಟರ್ ಕಾರ್ಖಾನೆಗೆ ಸೇರಿದರು. ಪಾಳಿಗೆ ಅರವತ್ತು ಕೀಲಿಮಣೆ ಕೂರಿಸುತ್ತಿದ್ದರು. ದೇಶವನ್ನು ಎರಡು ಮಾಡಿದ್ದ ಗೋಡೆ ಬಿತ್ತು, ಕಾರ್ಖಾನೆ ಮುಚ್ಚಿತು. ಆಮೇಲಿನ ಆರು ವರ್ಷ ವಸಂತದಲ್ಲಿ ಹೊಲಗಳಲ್ಲಿ ಶತಾವರಿ ತರಕಾರಿಯ ಚಿಗುರು ಕೀಳುವುದು, ಉಳಿದ ತಿಂಗಳು ಶಾಲೆಯ ನೆಲ ಒರೆಸುವುದು. ಆಗ ಬಂದದ್ದು ಹಳೆಯ ಕಂಪ್ಯೂಟರ್ ಒಡೆದು ಬೇರ್ಪಡಿಸುವ ಕೆಲಸ. ಮೊದಲ ದಿನ, ಸುತ್ತ ಸರಳು ಕಟ್ಟಿದ ಪಂಜರದ ಗಾಡಿಯಲ್ಲಿ ಬಂದ ರಾಶಿಯೊಳಗೆ ತಮ್ಮದೇ ಕಾರ್ಖಾನೆಯ ಕೀಲಿಮಣೆ ಕಂಡರು.

"ಅತ್ರಾ?" ಎಂದು ಕೇಳಿದೆ.

"ಅಳೋದ್ಯಾಕೆ? ನಾನು ಕೂರಿಸಿದ್ದು, ನಾನೇ ಬಿಚ್ಚಿದೆ. ನಾಲ್ಕೇ ಸ್ಕ್ರೂ. ಬೆಣ್ಣೆ ಥರ ಬಂತು."

ಆ ಕೆಲಸದ ಮನೆಯಲ್ಲಿ ಪಕ್ಕದ ಮೇಜಿಗೆ ಕೂತವರು ಕರೋಲಾ. ಇವರಿಗಿಂತ ಎರಡು ವರ್ಷ ಚಿಕ್ಕವರು, ಬಾಯಿ ಮಾತ್ರ ಹತ್ತು ವರ್ಷ ದೊಡ್ಡದು. ಹನ್ನೊಂದು ವರ್ಷ ಇಬ್ಬರೂ ಜೊತೆಯಲ್ಲಿ ದುಡಿದರು. ಪರೀಕ್ಷಾಲಯದವರು ಬಿಚ್ಚಲು ಬಲ್ಲವರೊಬ್ಬರು ಬೇಕೆಂದು ಹುಡುಕಿಕೊಂಡು ಬಂದಾಗ ಕರೋಲಾ ಗೆಳತಿಯನ್ನೇ ಮುಂದಕ್ಕೆ ತಳ್ಳಿದರು. "ಹೋಗು, ಹೊಸ ಯಂತ್ರದ ವಾಸನೆ ಆದ್ರೂ ಕುಡಿ. ಇಲ್ಲಿ ಇಲಿ ಉಚ್ಚೆ ವಾಸನೆ ಸಾಕಾಗಿದೆ."

ಮುಂದಿನದನ್ನು ಗೆರ್ಲಿಂಡೆ ತಾವಾಗಿಯೇ ಹೇಳಿದರು. ಹನ್ನೆರಡು ವರ್ಷದ ಹಿಂದೆ ಒಂದು ಲ್ಯಾಪ್‌ಟಾಪ್ ಬಂದಿತ್ತು. ಬ್ಯಾಟರಿಯನ್ನು ಅಂಟಿನಿಂದ ಕೂರಿಸಿದ್ದರು. ಆಗ ಇವರ ಬೆರಳು ಗಟ್ಟಿಯಾಗಿತ್ತು. ಕಡ್ಡಿ ತೂರಿಸಿ ಎತ್ತಿದರು, ಬಂತು. "ಬಿಚ್ಚಬಹುದು" ಎಂದು ಬರೆದು ಸಹಿ ಹಾಕಿದರು. ಎಂಟು ವರ್ಷ ಕಳೆದ ಮೇಲೆ ಅದೇ ಮಾದರಿಯ ಯಂತ್ರಗಳು ಪಂಜರದ ಗಾಡಿಯಲ್ಲಿ ಕರೋಲಾ ಮೇಜಿಗೆ ಬಂದವು. ಅಷ್ಟರಲ್ಲಿ ಅಂಟು ಕಲ್ಲಾಗಿತ್ತು. ಕಡ್ಡಿ ಮುರಿಯಿತು. ಕರೋಲಾ ಚಾಕು ತೆಗೆದುಕೊಂಡರು, ಚಾಕು ಜಾರಿತು. ಅವರ ಎಡಗೈ ಹೆಬ್ಬೆರಳು ಇವತ್ತಿಗೂ ಮಡಚುವುದಿಲ್ಲ.

"ಆಸ್ಪತ್ರೆಗೆ ಹೋದೆ. ಹಣ್ಣು ತಗೊಂಡು ಹೋಗಿದ್ದೆ. ಅವಳು ಬ್ಯಾಂಡೇಜ್ ಎತ್ತಿ ತೋರಿಸಿ, 'ನೋಡೇ ಗೆರ್ಲಿಂಡೆ, ನಿನ್ನ ಸಹಿ ಎಷ್ಟು ಚೆನ್ನಾಗಿದೆ' ಅಂದ್ಲು. ನಗ್ತಾನೇ ಅಂದ್ಲು. ನಾನು ಹೊಸದನ್ನ ಬಿಚ್ಚಿ ಹಳೇದರ ಮಾತು ಬರೆದಿದ್ದೆ ನೋಡಿ. ಅಂಟಿಗೂ ವಯಸ್ಸಾಗುತ್ತೆ ಅಂತ ಹೊಳೀಲೇ ಇಲ್ಲ."

ಅಲ್ಲಿಂದಾಚೆಗೆ ಅವರು ಬಲ ಹಾಕುವುದನ್ನು ಬಿಟ್ಟರು. ಆಮೇಲೆ ಬಲ ತಾನಾಗಿಯೇ ಅವರನ್ನು ಬಿಟ್ಟಿತು.

ಹೋದ ಶರತ್ಕಾಲದಲ್ಲಿ ಈ ಬೂದುಬಣ್ಣದ ಮಾದರಿ ಮೊದಲ ಸಲ ಬಂದಿತ್ತು. ಅದರ ಬ್ಯಾಟರಿಯೂ ಅಂಟಿನದೇ. ನಲವತ್ತು ನಿಮಿಷ ಒದ್ದಾಡಿ, ಬ್ಯಾಟರಿ ಬಾಗತೊಡಗಿದಾಗ ಗೆರ್ಲಿಂಡೆ ಕೈಬಿಟ್ಟು "ಬಿಚ್ಚಲು ಬರುವುದಿಲ್ಲ" ಎಂದು ಬರೆದರು. ವಿಭಾಗದ ಮುಖ್ಯಸ್ಥ ಟಿಲ್ಮನ್ ಫೋಕ್ಟ್ ಇನ್ನೊಂದು ಪ್ರತಿಯನ್ನು ತಾವೇ ಬಿಚ್ಚಿ ನೋಡಿದರು. ಮೂವತ್ತೆಂಟರ ಆಳು, ಭಾನುವಾರ ತಪ್ಪದೆ ನದಿಯಲ್ಲಿ ಹುಟ್ಟು ಹಾಕುವವರು. ಅವರಿಗೆ ಒಂಬತ್ತೇ ನಿಮಿಷ ಸಾಕಾಯಿತು. ಇದು ಹೇಗೋ ತಯಾರಕರ ಕಿವಿಗೆ ಬಿತ್ತು. ಅವರಿಂದ ಕಾಗದ ಬಂತು: ನಿಮ್ಮ ಪರೀಕ್ಷಕಿಗೆ ವಯಸ್ಸಾಗಿದೆ, ಕೈ ಸರಿಯಿಲ್ಲ, ಕೆಟ್ಟ ಅಳತೆಗೋಲಿನಿಂದ ನಮ್ಮನ್ನು ಅಳೆಯಬೇಡಿ.

ಟಿಲ್ಮನ್ ಆ ಕಾಗದವನ್ನು ಬಚ್ಚಿಡದೆ ಅವರ ಕೈಗೇ ಕೊಟ್ಟರು. ಗೆರ್ಲಿಂಡೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಹೇಳಿದ ಮಾತನ್ನು ಟಿಲ್ಮನ್ ತಮ್ಮ ಉತ್ತರದಲ್ಲಿ ಹಾಗೆಯೇ ಸೇರಿಸಿದರಂತೆ.

"ಅಂಟಿಗೆ ವಯಸ್ಸಾಗೋವರೆಗೂ ಕಾಯ್ತಾ ಕೂರೋಕಾಗಲ್ಲ. ಅದರ ಬದಲು ನನ್ನ ಬೆರಳಿಗೆ ವಯಸ್ಸಾಗಿದೆ. ಲೆಕ್ಕ ಸರಿ ಹೋಯ್ತಲ್ಲ."

ತಯಾರಕರು ಗೊಣಗಿದರೂ ಬ್ಯಾಟರಿ ಕೂರಿಸುವ ರೀತಿಯನ್ನು ಬದಲಿಸಿದರು. ಪರೀಕ್ಷಾಲಯದ ಮೇಲಿನವರು ಮಾತ್ರ ಒಂದು ಷರತ್ತು ಹಾಕಿದರು. ಹೊಸ ಮಾದರಿಯನ್ನು ಇಬ್ಬರೂ ಇಪ್ಪತ್ತು ನಿಮಿಷದೊಳಗೆ ಬಿಚ್ಚಬೇಕು. ಟಿಲ್ಮನ್‌ಗೆ ಆಗಿ ಗೆರ್ಲಿಂಡೆಗೆ ಆಗದಿದ್ದರೆ ಟಿಲ್ಮನ್ ಫಲಿತಾಂಶವೇ ನಿಲ್ಲುತ್ತದೆ, ಮೇಜು ಬೇರೆ ಕೈಗೆ ಹೋಗುತ್ತದೆ. ನಿನ್ನೆ ಟಿಲ್ಮನ್ ಏಳು ನಿಮಿಷದಲ್ಲಿ ಬಿಚ್ಚಿ ಮುಗಿಸಿದ್ದಾರೆ. ಇವತ್ತು ಇವರ ಸರದಿ.

ಟಿಲ್ಮನ್ ಒಳಗೆ ಬರುತ್ತಾರೆ. ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ನೀರಿನ ಲೋಟ. "ಫ್ರಾವ್ ಹೆಲ್ಬಿಂಗ್, ಹೊರಗೆ ತುಂಬ ಥಂಡಿ. ನೋವಿನ ಮಾತ್ರೆ ಒಂದು ತಗೊಂಡು ಕೂತ್ಕೊಳ್ಳಿ. ಯಾರೂ ಏನೂ ಅನ್ನಲ್ಲ."

"ಇದನ್ನ ಮುಂದೆ ಬಿಚ್ಚೋರಿಗೂ ಮಾತ್ರೆ ಕಳಿಸ್ತೀರಾ, ಪೆಟ್ಟಿಗೆಗೊಂದರ ಹಾಗೆ?"

ಟಿಲ್ಮನ್ ಮಾತ್ರೆಯನ್ನು ಜೇಬಿಗೆ ಹಾಕಿಕೊಂಡು ಗಡಿಯಾರ ಒತ್ತುತ್ತಾರೆ.

ತಳದ ಸ್ಕ್ರೂಗಳು ಒಂದೊಂದಾಗಿ ಬರುತ್ತವೆ. ಗೆರ್ಲಿಂಡೆ ಸ್ಕ್ರೂಡ್ರೈವರನ್ನು ಬೆರಳಿನಲ್ಲಿ ತಿರುಗಿಸದೆ ಅಂಗೈಯಲ್ಲಿ ಒತ್ತಿ, ಮಣಿಕಟ್ಟನ್ನು ಹೊರಳಿಸುತ್ತಾರೆ. "ಎಂಟು... ಒಂಬತ್ತು..." ಹನ್ನೊಂದಕ್ಕೆ ಮುಗಿಯುತ್ತದೆ. ಮುಚ್ಚಳದ ಕೊಂಡಿಗಳು ಚಟಚಟನೆ ಬಿಡುತ್ತವೆ. ಏಳನೆಯ ನಿಮಿಷಕ್ಕೆ ಬ್ಯಾಟರಿ ಕಾಣುತ್ತದೆ. ಈ ಸಲ ಅದನ್ನು ಹಿಡಿದಿರುವುದು ಎಳೆದರೆ ಹಿಗ್ಗಿ ಕಳಚಿಕೊಳ್ಳುವ ಎರಡು ಪಟ್ಟಿಗಳು. ತುದಿಗಳು ಹೊರಗೆ ಚಾಚಿವೆ.

ಮೊದಲ ಪಟ್ಟಿ ಸಲೀಸಾಗಿ ಬರುತ್ತದೆ. ಎರಡನೆಯದನ್ನು ಹಿಡಿಯುವ ಹೊತ್ತಿಗೆ ಬಲಗೈ ಸೆಟೆದುಕೊಂಡಿದೆ. ಪಟ್ಟಿಯ ತುದಿ ಬೆರಳ ಸಂದಿಯಿಂದ ಜಾರುತ್ತದೆ. ಇನ್ನೊಮ್ಮೆ ಹಿಡಿಯುತ್ತಾರೆ, ಇನ್ನೊಮ್ಮೆ ಜಾರುತ್ತದೆ. ಹತ್ತು ನಿಮಿಷ. ಗೆರ್ಲಿಂಡೆ ಎರಡೂ ಕೈಯನ್ನು ಮಡಿಲಿಗೆ ಹಾಕಿಕೊಂಡು ಸುಮ್ಮನೆ ಕೂರುತ್ತಾರೆ.

"ಗಡಿಯಾರ ನಿಲ್ಲಿಸ್ಲಾ?" ಟಿಲ್ಮನ್ ದನಿ ತಗ್ಗಿಸಿ ಕೇಳುತ್ತಾರೆ.

"ಬೇಡ. ಕರೋಲಾ ಮೇಜಲ್ಲೂ ಕೈ ಸೋಲುತ್ತೆ, ಅಲ್ಲೂ ಗಡಿಯಾರ ಓಡ್ತಿರುತ್ತೆ."

ಕಿಟಕಿಯಾಚೆ ಮೊದಲ ಟ್ರಾಮ್ ತಿರುವು ತೆಗೆದುಕೊಳ್ಳುತ್ತದೆ. ಬೆಳಕು ಮೇಜಿನ ಬಟ್ಟೆಯ ಮೇಲೆ ಬಂದು ಕೂರುತ್ತದೆ. ಹನ್ನೆರಡು. ಹದಿಮೂರು. ಟಿಲ್ಮನ್ ಗೋಡೆ ನೋಡುತ್ತಿದ್ದಾರೆ. ಹದಿನಾಲ್ಕನೆಯ ನಿಮಿಷಕ್ಕೆ ಗೆರ್ಲಿಂಡೆ ಬಲಗೈಯನ್ನು ಮಡಿಲಲ್ಲೇ ಬಿಟ್ಟು, ಎಡಗೈಯಿಂದ ಪಟ್ಟಿಯ ತುದಿಯನ್ನು ತೋರುಬೆರಳಿಗೆ ಒಂದು ಸುತ್ತು ಸುತ್ತಿಕೊಳ್ಳುತ್ತಾರೆ. ಹೆಬ್ಬೆರಳು ತಾಗಿಸುವುದಿಲ್ಲ. ಮೆಲ್ಲಗೆ, ಹಸುವಿನ ಮೊಲೆ ಎಳೆದು ಹಾಲು ಕರೆಯುವ ಹಾಗೆ ಎಳೆಯುತ್ತಾರೆ. ಪಟ್ಟಿ ಹಿಗ್ಗುತ್ತದೆ, ಇನ್ನೂ ಹಿಗ್ಗುತ್ತದೆ, ಕೊನೆಗೆ ಪೂರ್ತಿ ಹೊರಗೆ ಬರುತ್ತದೆ. ಬ್ಯಾಟರಿ ತಾನಾಗಿ ಅಲುಗಾಡುತ್ತದೆ.

ಉಳಿದದ್ದು ಎರಡು ನಿಮಿಷದ ಕೆಲಸ. ಒಟ್ಟು ಹದಿನೇಳು.

"ಹೆಬ್ಬೆರಳು ಯಾಕೆ ತಾಗಿಸ್ಲಿಲ್ಲ?" ಟಿಲ್ಮನ್ ಕೇಳುತ್ತಾರೆ.

"ಕರೋಲಾ ಎಡಗೈಗೆ ಹೆಬ್ಬೆರಳಿನ ಸಹಾಯ ಇಲ್ವಲ್ಲ. ಅವಳಿಗೂ ಬರುತ್ತಾ ಅಂತ ನೋಡಿದೆ. ಬರುತ್ತೆ."

ಟಿಲ್ಮನ್ ಕಾಗದವನ್ನು ಅವರತ್ತ ಸರಿಸುತ್ತಾರೆ. ಗೆರ್ಲಿಂಡೆ ನಿಮಿಷ ಬರೆಯುತ್ತಾರೆ, ಸ್ಕ್ರೂಗಳ ಸಂಖ್ಯೆ ಬರೆಯುತ್ತಾರೆ, ಕೆಳಗೆ ನಿಧಾನವಾಗಿ ಸಹಿ ಹಾಕುತ್ತಾರೆ. ಅಕ್ಷರಗಳು ಸ್ವಲ್ಪ ನಡುಗಿವೆ. ಇನ್ನು ಹದಿನಾಲ್ಕು ತಿಂಗಳು ಈ ಮೇಜು ಅವರದೇ.

ಕಾಫಿ ಕುಡಿಯುವಾಗ, ಪಿಂಚಣಿ ಬಂದ ಮೇಲೆ ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಟ್ಟರು.

"ಈ ಬೂದು ಯಂತ್ರಗಳು ಸವೆದು ವಾಪಸ್ ಬರೋಕೆ ಇನ್ನೊಂದು ಎಂಟೊಂಬತ್ತು ವರ್ಷ. ಆಗ ನನಗೂ ಕರೋಲಾಗೂ ಎಪ್ಪತ್ತರ ಹತ್ತಿರ. ಇಬ್ಬರೂ ಹೋಗಿ ಆ ರಾಶಿಯಿಂದ ಒಂದನ್ನ ತಗೊಂಡು ಕೂರಬೇಕು. ಅವಳು ಬಿಚ್ಚಲಿ, ನಾನು ಮುಟ್ಟಲ್ಲ. ಬರೀ ನೋಡ್ತೀನಿ. ಬಿಚ್ಕೊಂಡ್ರೆ ಆಗ ಹೇಳ್ತೀನಿ ಅವಳಿಗೆ, ನೋಡೇ, ಈ ಸಲ ನನ್ನ ಸಹಿ ನೆಟ್ಟಗಿದೆ ಅಂತ."