ಹಿಟ್ಟು ನಾದುವ ಚಿಕಿತ್ಸೆ

ಮಾನ್ಯ ವಾಚಕರ ಸನ್ನಿಧಿಗೆ ಮೊದಲಿಗೇ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಉದ್ಯೋಗ ಏನೆಂಬುದನ್ನು ಜನರಿಗೆ ತಿಳಿಸಿ ಹೇಳಲು ನನಗೆ ಕೊನೆಯವರೆಗೂ ಸಾಧ್ಯವಾಗಲಿಲ್ಲ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಮೋಟಾರು, ಚಕ್ಕಡಿಗಳಲ್ಲಿ ತಿರುಗಿ, ಲಕ್ವಾ ಹೊಡೆದವರ ಕೈಗಳಿಗೆ ಕೆಲಸ ಕೊಟ್ಟು ಗುಣಪಡಿಸುವುದೇ ಸದರಿ ಉದ್ಯೋಗ. ನನ್ನ ಚೀಲದಲ್ಲಿ ಬಾಟಲಿಯೂ ಇರಲಿಲ್ಲ, ಸೂಜಿಯೂ ಇರಲಿಲ್ಲ. ನೂಲಿನ ಉಂಡೆ, ಹಗ್ಗದ ತುಂಡುಗಳಿದ್ದವು. ಸವಣೂರಿನ ಎಲೆ ವ್ಯಾಪಾರಿಯೊಬ್ಬರು ನನ್ನನ್ನು ಹಗ್ಗ ಮಾರುವವನೆಂದು ತಿಳಿದು ದರ ವಿಚಾರಿಸಿದ್ದುಂಟು. ಕಾಯಕದ ಹಿರಿಮೆಯನ್ನು ಶರಣರ ಕಾಲದಿಂದ ಬಲ್ಲ ಈ ನಾಡಿನಲ್ಲಿ, ಕಾಯಕವೇ ಔಷಧವೆಂದರೆ ಮಾತ್ರ ಯಾರೂ ಒಪ್ಪುತ್ತಿರಲಿಲ್ಲ. ಕಾಯಿಲೆಯವರು ಮಲಗಿರಬೇಕು, ಮನೆಯವರು ಉಣಿಸಬೇಕು. ಪ್ರೀತಿಯ ರೂಢಿ ಹಾಗಿತ್ತು.

ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯ ಈರಪ್ಪಜ್ಜನವರ ಬಲಗೈ ಮುದುಡಿತ್ತು. ಅವರು ಬಯಸಿದ್ದು ಒಂದನ್ನೇ: ಬೆಳಗಿನ ಲಿಂಗಪೂಜೆಗೆ ಕೂಡುವಾಗ ತಮ್ಮ ಹಣೆಗೆ ತಾವೇ ವಿಭೂತಿ ಹಚ್ಚಿಕೊಳ್ಳುವುದು. ಅದಕ್ಕೆ ಮೂರು ಬೆರಳು ಬಿಚ್ಚಬೇಕು. ಬೆರಳು ಬಿಚ್ಚಲು ದಿನಾಲು ಜೋಳದ ಹಿಟ್ಟು ನಾದತಕ್ಕದ್ದೆಂದು ನಾನು ಸೂಚಿಸಿದೆ. ಸೊಸೆ ಶಾಂತವ್ವ ಹಿಟ್ಟು ನಾದುವ ಪರಾತವನ್ನು ತಂದು ಮಾವನ ಮುಂದಿಟ್ಟಳು. ಅಜ್ಜ ನಾಚಿಕೊಂಡೇ ನಾದಿದರು. ಬರಬರುತ್ತ ಎರಡು ಬೆರಳು ಬಿಚ್ಚಿದವು, ಮೂರನೆಯದು ಅಲುಗಾಡತೊಡಗಿತು.

ಹೀಗಿರಲಾಗಿ, ನೆರೆಮನೆಯ ನೀಲವ್ವ ಒಲೆಗೆ ಕೆಂಡ ಕೇಳಲು ಬಂದವಳು ಇದನ್ನು ಕಂಡಳು.

"ಮಾವನ ಕೈಲೆ ಹಿಟ್ಟು ನಾದಸ್ತೀಯಲ್ಲ ತಂಗಿ, ನಾಳೆ ಮುಸುರಿನೂ ತಿಕ್ಕಸ್ತೀಯೇನು?" ಎಂದಳಂತೆ.

ಆ ಮಾತು ಸಂಜೆಯೊಳಗೆ ಬಾವಿಕಟ್ಟೆಯನ್ನು ಮುಟ್ಟಿತು. ಅಲ್ಲಿಂದ ಶಾಂತವ್ವನ ತವರನ್ನೂ. ಪರಾತ ಒಳಗೆ ಹೋಯಿತು. ನಾನು ಧಾವಿಸಿ ಹೋಗಿ ವೈದ್ಯಶಾಸ್ತ್ರದ ಆಧಾರಗಳನ್ನೆಲ್ಲ ಸವಿಸ್ತಾರವಾಗಿ ನಿವೇದಿಸಿದೆ. ಶಾಂತವ್ವ ಸೆರಗು ಸರಿಪಡಿಸಿಕೊಂಡು ಪೂರ್ತಿ ಕೇಳಿದಳು.

"ನಿಮ್ಮ ಮಾತು ಖರೇ ಇರಬೌದ್ರಿ. ಆದ್ರ ಈ ಊರಾಗ ಬಾಳೇ ಮಾಡಬೇಕಾದಾಕಿ ನಾನ್ರಿ."

ನಾನು ಚೀಲ ಎತ್ತಿಕೊಂಡು ಮುಂದಿನ ಊರಿಗೆ ಹೊರಟೆ.

ಆ ಹಿಟ್ಟಿಗೆ ಚಿಟಿಕೆ ಕರ್ಪೂರ ಬೆರೆಸಿ ಔಷಧವೆಂದು ಕೊಟ್ಟಿದ್ದರೆ ಊರು ಸುಮ್ಮನಿರುತ್ತಿತ್ತೆಂಬ ಬುದ್ಧಿ ನನಗೆ ತಡವಾಗಿ ಬಂತು. ಮುಂದೆ ಹಿರೇಕೆರೂರಿನ ರೋಗಿಯೊಬ್ಬರಿಗೆ ಹಾಗೆಯೇ ಮಾಡಿದೆ. ನೆರೆಯವರು ಆಡಿಕೊಳ್ಳುವುದಂತಿರಲಿ, ಸೊಂಟನೋವಿಗೆಂದು ತಮಗೂ ಒಂದು ಉಂಡೆ ಕೇಳಿ ಪಡೆದರು.

ಕರ್ಪೂರ ಕಟ್ಟಿಕೊಂಡು ಹಿರೇಬೆಂಡಿಗೇರಿಗೆ ಮರಳಿ ಹೋಗುವಷ್ಟರಲ್ಲಿ ಅಜ್ಜನ ಬೆರಳುಗಳು ಮುಷ್ಟಿ ಕಟ್ಟಿ ಗಟ್ಟಿಯಾಗಿಬಿಟ್ಟಿದ್ದವು. ಹಣೆಯ ಮೇಲೆ ಮಾತ್ರ ವಿಭೂತಿಯ ಮೂರು ಗೆರೆ ಅಳತೆ ಹಿಡಿದು ಎಳೆದಂತೆ ನೇರವಾಗಿದ್ದವು. ಬೇರೇನೂ ತೋಚದೆ, ವಿಭೂತಿ ಬಹಳ ಚೆನ್ನಾಗಿದೆಯೆಂದೆ.

"ಸೊಸಿ ಹಚ್ಯಾಳ್ರಿ," ಎಂದರು ಅಜ್ಜ. "ನಾ ಹಚ್ಕೊಂಡಿದ್ರ ಸೊಟ್ಟ ಇರ್ತಿತ್ತು."